ನೆಲದ ಕೆಳಗಿನ ಎರಡು ಅಡಿ

ಈ ಅಧ್ಯಾಯದಲ್ಲಿ ಕೆಲವು ಸಂಗತಿಗಳು ತಪ್ಪಾಗಿರಬಹುದು. ಅಡುಗೆಮನೆಯ ಹಿಂದಿನ ತಡೆಗೋಡೆ ಕಟ್ಟಿದ ಬೇಸಿಗೆಯ ಬಗ್ಗೆ ನನ್ನ ದಿನಚರಿಗಳಲ್ಲಿ ಮೂರು ಸಲ ಬರೆದಿದ್ದೇನೆ. ಮೊದಲನೆಯದು ಮೈಸೂರಿನಲ್ಲಿ ಎಂ.ಎ. ಓದುವಾಗ, ಎರಡನೆಯದು ಅವ್ವೆ ತೀರಿಕೊಂಡ ವರ್ಷ, ಮೂರನೆಯದು ಈಚೆಗೆ. ಮೊದಲನೆಯದರಲ್ಲಿ ಕಲ್ಲು ಮುಗಿದುಹೋದಾಗ ಗೋಡೆ ನನ್ನ ಸೊಂಟದವರೆಗೆ ಬಂದಿತ್ತು. ಎರಡನೆಯದರಲ್ಲಿ ಹೆಗಲವರೆಗೆ. ಮೂರನೆಯದರಲ್ಲಿ ಅಪ್ಪನ ಎದೆಯವರೆಗೆ ಎಂದಿದೆ. ಗೋಡೆ ತಾನಾಗಿ ಬೆಳೆಯುವುದಿಲ್ಲವಾದ್ದರಿಂದ ಬೆಳೆದದ್ದು ಯಾವುದು ಎಂದು ಹೇಳಬೇಕಾಗಿಲ್ಲ. ಇನ್ನೊಂದು ಮಾತು: ನಮ್ಮ ಮನೆಯಲ್ಲಿ ಆಡುತ್ತಿದ್ದದ್ದು ಊಟಿ ಕಡೆಯ ಬಡಗ ಮಾತು. ಇಲ್ಲಿ ಅದನ್ನು ಕನ್ನಡಕ್ಕೆ ಹತ್ತಿರ ಎಳೆದು ಬರೆಯುತ್ತಿದ್ದೇನೆ. ಅವ್ವೆಯ, ಅಂದರೆ ನನ್ನ ತಾಯಿಯ, ಬಾಯಲ್ಲಿ ಆ ಮಾತುಗಳಿಗಿದ್ದ ಏರಿಳಿತ ಈ ಅಕ್ಷರಗಳಲ್ಲಿ ಇಲ್ಲ.

ಇದನ್ನು ನಾಲ್ಕನೆಯ ಸಲ ಬರೆಯಲು ಕೂತದ್ದಕ್ಕೆ ಕಾರಣ ತಮ್ಮನ ಮಗಳು ಭಾಗ್ಯ. ಅವಳು ಸಿವಿಲ್ ಎಂಜಿನಿಯರಿಂಗ್ ಓದಿ ಕೂನೂರಿನಲ್ಲಿ ಕೆಲಸದಲ್ಲಿದ್ದಾಳೆ. ನಮ್ಮ ಊರಿನ, ಅಂದರೆ ಹಟ್ಟಿಯ, ಮನೆಯ ಅಂಗಳ ಕೆಳಗಿನ ಬದಿಯಲ್ಲಿ ಸ್ವಲ್ಪ ಸ್ವಲ್ಪವೇ ಜಾರುತ್ತಿದೆ. ಅಲ್ಲಿಗೊಂದು ತಡೆಗೋಡೆ ಬೇಕು. ಅದರ ಎಸ್ಟಿಮೇಟನ್ನು ಅವಳೇ ತಯಾರಿಸಿ, ನಾಲ್ಕು ಹಾಳೆ ಅಚ್ಚು ಹಾಕಿಸಿ, ಓದಿ ನೋಡಿ ಮಾಮಿ ಎಂದು ನನ್ನ ಕೈಗೆ ಕೊಟ್ಟಳು. ಮಾಮಿ ಎಂದರೆ ಸೋದರತ್ತೆ. ಮೊದಲ ಸಾಲು ಓದಿ ನಾನು ಕನ್ನಡಕ ತೆಗೆದೆ. ಗೋಡೆಯ ಬಗ್ಗೆ ಒಂದಕ್ಷರ ಬರುವ ಮೊದಲೇ ಆ ಸಾಲು ಗೋಡೆಯ ಕೆಳಗೆ ಅಗೆಯಬೇಕಾದ ಮಣ್ಣಿನದಾಗಿತ್ತು. ಹನ್ನೆರಡು ವರ್ಷದವಳಿದ್ದಾಗ ನಾನೂ ಈ ಮನೆಗೆ ಒಂದು ಎಸ್ಟಿಮೇಟು ಬರೆದಿದ್ದೆ. ಅದರಲ್ಲಿ ಇಲ್ಲದೇ ಹೋದದ್ದು ಆ ಸಾಲೊಂದೇ.

ನಮ್ಮ ಹಟ್ಟಿ ಊಟಿಯ ಹತ್ತಿರ, ಎಮರಾಲ್ಡ್ ಅಣೆಕಟ್ಟಿನ ಕಡೆಯ ಇಳಿಜಾರಿನಲ್ಲಿದೆ. ಸಾಲುಮನೆಗಳು. ಒಂದು ಮನೆಯ ಪಕ್ಕದ ಗೋಡೆಯೇ ಇನ್ನೊಂದು ಮನೆಯದೂ ಹೌದು. ಆದ್ದರಿಂದ ಅವ್ವೆ ಮತ್ತು ಹೆತ್ತೆಯ ಜಗಳಗಳೆಲ್ಲ ಸಾಲಿನ ಆ ತುದಿಯವರೆಗೂ ಕೇಳುತ್ತಿದ್ದವು. ಹೆತ್ತೆ ಎಂದರೆ ಅಜ್ಜಿ, ಅಪ್ಪನ ತಾಯಿ. ಗುಡ್ಡ ಕಡಿದು ಮಟ್ಟ ಮಾಡಿದ ಜಾಗದಲ್ಲಿ ಮನೆ ನಿಂತಿದ್ದರಿಂದ ಅಡುಗೆಮನೆಯ ಬೆನ್ನಿಗೆ ಎರಡು ಮಾರು ದೂರದಲ್ಲಿ ಮಣ್ಣಿನ ಬರೆ, ಅಂದರೆ ಕಡಿದ ಗುಡ್ಡದ ನೆಟ್ಟಗಿನ ಮೈ, ಬರೆಯ ಮೇಲೆ ನಮ್ಮದೇ ಟೀ ಗಿಡಗಳು. ಪ್ರತಿ ಮಳೆಗಾಲ ಆ ಬರೆಯಿಂದ ಒಂದಷ್ಟು ಮಣ್ಣು ಕಳಚಿ ಬೀಳುತ್ತಿತ್ತು. ಗೋಡೆ ಕಟ್ಟಿದ್ದರ ಹಿಂದಿನ ಮಳೆಗಾಲದಲ್ಲಿ ಅದು ಸೌದೆ ಒಟ್ಟುವ ಮಾಡನ್ನು ಮುಚ್ಚಿ ಅಡುಗೆಮನೆಯ ಗೋಡೆಗೆ ಒರಗಿ ನಿಂತಿತು. ಒಲೆಯ ಹಿಂದೆ ಕೈಯಿಟ್ಟರೆ ಗೋಡೆ ತಣ್ಣಗೆ ಬೆವರುತ್ತಿತ್ತು. ಪೆಟ್ಟಿಗೆಯ ರಾಗಿಗೆ ಬೂಷ್ಟು ಬಂತು. ಒಂದು ಬೆಳಗ್ಗೆ ಒಲೆಯ ಮೇಲಿನ ಅಟ್ಟದಿಂದ ನೆಲದವರೆಗೆ ಬಿರುಕು ಕಾಣಿಸಿಕೊಂಡಾಗ ಅವ್ವೆ ಅದರ ಎರಡು ತುದಿಗೂ ಇದ್ದಿಲಿನಿಂದ ಗೆರೆ ಎಳೆದಳು. ಬಿರುಕು ಗೆರೆ ದಾಟುತ್ತದೋ ಎಂದು ದಿನಾ ನೋಡುವುದು ನನ್ನ ಕೆಲಸವಾಯಿತು. ಅದು ದಾಟಿತು.

ಬೇಸಿಗೆ ಬಂದಾಗ ಊಟಿಯಿಂದ ಒಬ್ಬ ಗುತ್ತಿಗೆದಾರ ಬಂದು, ಟೇಪು ಹಿಡಿದು, ಅಂಗಳದಲ್ಲಿ ಟೀ ಕುಡಿದು, ಒಂದು ಚೀಟಿ ಬರೆದುಕೊಟ್ಟು ಹೋದ. ಅಪ್ಪ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ನಾಲ್ಕು ದಿನ ಓಡಾಡಿದ. ಅಪ್ಪ ಫ್ಯಾಕ್ಟರಿಗೆ ಎಲೆ ಸಾಗಿಸುವ ಲಾರಿ ಓಡಿಸುತ್ತಿದ್ದ. ಯಾವ ಮಾತಿಗೂ ಅವನ ಉತ್ತರ "ನೋಡುವ" ಎಂಬುದೊಂದೇ. ಐದನೆಯ ಸಂಜೆ ಅವ್ವೆ ಒಲೆಯ ಮುಂದೆ ಕೂತು ಆ ಚೀಟಿಯನ್ನು ನನ್ನಿಂದ ಓದಿಸಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ರೂಪಾಯಿ ಕೇಳಿ ಅವಳು ಬೆಚ್ಚಲಿಲ್ಲ, ಏಕೆಂದರೆ ರೂಪಾಯಿಯಲ್ಲಿ ಅವಳು ಯೋಚಿಸುತ್ತಲೇ ಇರಲಿಲ್ಲ. ನಮ್ಮ ಕಡೆಯ ಹೆಂಗಸರು ಎಲ್ಲವನ್ನೂ ಎಲೆಯಲ್ಲಿ ಅಳೆಯುತ್ತಿದ್ದರು: ಇಷ್ಟು ಬುಟ್ಟಿ ಎಲೆಗೆ ಒಂದು ಕಂಬಳಿ, ಇಷ್ಟು ಬುಟ್ಟಿಗೆ ಒಂದು ಜೊತೆ ಬಳೆ.

"ಎಲೇಲಿ ಹೇಳು, ಅಮ್ಮಿ."

ನಾನು ಬೆರಳು ಮಡಚಿ ಎಣಿಸಿ ಹೇಳಿದೆ.

"ಎರಡು ವರ್ಷದ ಎಲೆ, ಅವ್ವೆ. ಒಂದು ಬುಟ್ಟೀನೂ ನಮಗೆ ಉಳಿಯಲ್ಲ."

"ಹಂಗಾದ್ರೆ ಆ ಗೋಡೆ ಅವನ ಮನೆಗೇ ಕಟ್ಟಿಕೊಳ್ಳಲಿ. ನಾವು ನಮ್ಮ ಲೆಕ್ಕ ಹಾಕುವ. ಪುಸ್ತಕ ತಾ."

ಅವಳು ಹಾಗೆ ಹೇಳಿದ್ದು ಬರೀ ಗೋಡೆಗಾಗಿ ಅಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನ ಏಳನೆಯ ತರಗತಿ ಮುಗಿದಿತ್ತು. ಮುಂದಿನ ಶಾಲೆ ಊಟಿಯಲ್ಲಿ, ದಿನಾ ಎರಡು ಹೊತ್ತು ಬಸ್ಸು. ಓದು ಸಾಕು, ಬುಟ್ಟಿ ಕಟ್ಟಿಕೊಂಡು ಎಲೆ ಕೀಳಲಿ ಎಂಬುದು ಹೆತ್ತೆಯ ತೀರ್ಮಾನ. ಅಪ್ಪನದು "ನೋಡುವ". ಹೆತ್ತೆಯ ಕಣ್ಣೆದುರೇ ನನ್ನ ಕೈಯಲ್ಲಿ ಗೋಡೆಯ ಲೆಕ್ಕ ಬರೆಸಿ, ಶಾಲೆ ಏನು ಮಾಡಬಲ್ಲದು ಎಂದು ತೋರಿಸಬೇಕೆಂದು ಅವ್ವೆ ಹೊರಟಿದ್ದಳು. ಹೆತ್ತೆ ಒಲೆಯ ಆಚೆ ಬದಿಯಲ್ಲಿ ಬಿಳಿ ಹೊದಿಕೆಯೊಳಗೆ ಮೊಣಕಾಲು ಸೇರಿಸಿಕೊಂಡು ಕೂತಿದ್ದಳು.

"ಎಲೆ ಕೀಳೋವಾಗ ಗಿಡ ಏನು ಪುಸ್ತಕ ಕೇಳುತ್ತಾ?"

"ಗಿಡ ಕೇಳಲ್ಲ. ಗೋಡೆ ಕೇಳುತ್ತೆ," ಎಂದಳು ಅವ್ವೆ.

"ಬಂದಳಪ್ಪ ಲೆಕ್ಕದ ಅರಸಿ. ನನ್ನ ಗಂಡ ಗೆರೆ ಎಳೆಯದೇ ದೊಡ್ಡಿ ಕಟ್ಟಿದ. ಇವತ್ತಿಗೂ ಒಂದು ಕಲ್ಲು ಅಲುಗಿಲ್ಲ."

ಆ ದೊಡ್ಡಿಯೇ ಅವ್ವೆಯ ಲೆಕ್ಕದ ತಿರುಳು. ಸಾಲುಮನೆಗಳ ಆಚೆ, ಹುಲ್ಲಿನ ದಿಣ್ಣೆಯ ಮೇಲೆ, ಅಜ್ಜ ಕಟ್ಟಿದ ಎಮ್ಮೆ ದೊಡ್ಡಿ ಇತ್ತು. ಎದೆಯೆತ್ತರದ ದುಂಡನೆಯ ಕಲ್ಲುಗೋಡೆ, ಇಳಿಜಾರಿನ ಮೇಲಿನ ಬದಿಗೆ ಬಾಗಿಲು. ಬಾಗಿಲೆಂದರೆ ಎರಡು ಎತ್ತರದ ಕಲ್ಲುಕಂಬ. ಅವುಗಳಲ್ಲಿ ಕೊರೆದ ದುಂಡು ತೂತುಗಳಿಗೆ ಅಡ್ಡಗೋಲು ತೂರಿಸಿದರೆ ದೊಡ್ಡಿ ಮುಚ್ಚಿದ ಹಾಗೆ. ಹುಲ್ಲುಗಾವಲಿಗೆ ಟೀ ಬಂದ ಮೇಲೆ ಎಮ್ಮೆಗಳು ಹೋದವು. ಅಜ್ಜನೂ ಹೋದ. ದೊಡ್ಡಿ ಉಳಿಯಿತು. ಎಮ್ಮೆ, ಹಾಲು, ಮೊಸರಿನ ಕೆಲಸವೆಲ್ಲ ನಮ್ಮ ಮನೆಯಲ್ಲಿ ಗಂಡಸರದು. ಹೆಂಗಸರು ದೊಡ್ಡಿಯ ಬಾಗಿಲು ದಾಟುವಂತಿರಲಿಲ್ಲ. ಮದುವೆಯಾಗಿ ಬಂದ ದಿನದಿಂದ ಹೆತ್ತೆ ಆ ಕಂಬಗಳ ಹೊರಗೆ ನಿಂತು, ಅಜ್ಜ ಒಳಗಿನಿಂದ ನೀಡಿದ ಹಾಲನ್ನು ಕೈಚಾಚಿ ತೆಗೆದುಕೊಂಡವಳು. ಅಷ್ಟು ವರ್ಷಗಳಲ್ಲಿ ಒಳಗೆ ಒಂದು ಹೆಜ್ಜೆ ಇಟ್ಟವಳಲ್ಲ. ಎಮ್ಮೆಗಳಿಲ್ಲದ ಮೇಲೂ ಆ ನಿಯಮವನ್ನು ಬಿಟ್ಟಿರಲಿಲ್ಲ. ನಾವು ಮಕ್ಕಳು ಚೆಂಡು ತರಲು ಹೋದರೂ ಹುಡುಗರು ಮಾತ್ರ ಹೋಗಬೇಕು.

ಗುತ್ತಿಗೆದಾರನ ಚೀಟಿಯಲ್ಲಿ ಅತಿ ದೊಡ್ಡ ಖರ್ಚು ಕಲ್ಲು. ಹಟ್ಟಿಗೆ ಆಗ ಲಾರಿ ಬರುವ ರಸ್ತೆ ಇರಲಿಲ್ಲ. ಕೆಳಗೆ ಇಳಿಸಿದ ಒಂದೊಂದು ಕಲ್ಲನ್ನೂ ತಲೆಯ ಮೇಲೆ ಹೊತ್ತು ತರಬೇಕು. ಅವ್ವೆ ಕಲ್ಲಿನ ಸಾಲಿಗೆ ಬಂದಾಗ ನನ್ನ ಪೆನ್ಸಿಲ್ ನಿಲ್ಲಿಸಿ ಹೆತ್ತೆಯ ಕಡೆ ನೋಡಿದಳು. ಕಡೆಗೆ ಹೆತ್ತೆಯೇ ಹೇಳಿದಳು.

"ಕೆಳಗಿನ ಅರ್ಧ ತಗೊಳ್ಳಿ. ಬಾಗಿಲಿರೋ ಅರ್ಧ ಮುಟ್ಟಬಾರದು. ಅದು ನಾ ನಿಂತ ಜಾಗ."

ಉಳಿದದ್ದನ್ನು ಅವ್ವೆ ಬಾಯಲ್ಲಿ ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಮನೆಗೊಂದು ಆಳು, ಆಳಿಗೆ ಎರಡು ದಿನ. ಅದು ಹಟ್ಟಿಯ ಪದ್ಧತಿ, ಕೂಲಿ ಇಲ್ಲ, ಊಟ ನಮ್ಮದು. ಆಳಿಗೊಂದು ರಾಗಿ ಹಿಟ್ಟಿನ ಮುದ್ದೆ, ಉದಕ ಎಂಬ ಅವರೆಯ ಸಾರು, ನಡುವೆ ಎರಡು ಸಲ ಟೀ. ಅವರು ಬಂದ ದಿನ ಅವರ ಗಿಡಗಳಲ್ಲಿ ಉಳಿಯುವ ಎಲೆಯನ್ನು ಮುಂದಿನ ವಾರ ಅವ್ವೆ ಮತ್ತು ಮಾದಿ ಮಾಮಿ ಕಿತ್ತುಕೊಡಬೇಕು, ಅದೂ ಲೆಕ್ಕಕ್ಕೆ. ಮಾದಿ ಮಾಮಿ ಅಪ್ಪನ ತಂಗಿ. ಆಗಿನ್ನೂ ಮದುವೆಯಾಗಿರಲಿಲ್ಲ. ಸಿಮೆಂಟ್ ಮೂಟೆ ಇಷ್ಟು. ಮೇಸ್ತ್ರಿಗೆ ದಿನಕ್ಕಿಷ್ಟು. ಕೊನೆಯ ದಿನ ಎಲ್ಲರಿಗೂ ಹಬ್ಬದ ಸಿಹಿ ತುಪ್ಪದಿಟ್ಟು ಕರಿಯಬೇಕು ಎಂಬ ಸಾಲನ್ನು ಸೇರಿಸಿದ್ದು ಹೆತ್ತೆ. ಲೆಕ್ಕವನ್ನು ಹಂಗಿಸುತ್ತಲೇ ಅವಳೂ ಅದರೊಳಗೆ ಬಂದು ಕೂತಿದ್ದಳು. ಎಲ್ಲ ಸೇರಿ ಒಂದು ಮಳೆಗಾಲದ ಎಲೆಯಷ್ಟಾಯಿತು.

ಕಲ್ಲು ಎಷ್ಟು ಬೇಕು ಎಂಬುದು ಮಾತ್ರ ಪೂರ್ತಿ ನನ್ನ ಪಾಲಿಗೆ ಬಂತು. ಘನ ಅಡಿಯ ಪಾಠ ಅದೇ ವರ್ಷ ಆಗಿತ್ತು. ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ ಬರೆಯನ್ನು ಅಳೆದೆ. ಉದ್ದ ಮೂವತ್ತು ಅಡಿ, ಎತ್ತರ ಏಳು, ದಪ್ಪ ಒಂದೂವರೆ. ಗುಣಿಸಿದರೆ ಮುನ್ನೂರ ಹದಿನೈದು. ದೊಡ್ಡಿಯ ಸುತ್ತ ಹೊರಗಿನಿಂದಲೇ ನಡೆದು ಅದನ್ನೂ ಅಳೆದೆ. ಅರ್ಧ ದೊಡ್ಡಿಯ ಕಲ್ಲು ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ಅಷ್ಟೇ ಬಂತು. ಆ ಸಂಖ್ಯೆಗಳು ಹಾಗೆ ಕೂಡಿಬಂದಾಗ ನನಗಾದ ಹೆಮ್ಮೆಯನ್ನು ಆಮೇಲೆ ಯಾವ ಪದವಿಯೂ ಕೊಟ್ಟಿಲ್ಲ. ಓಡಿ ಬಂದು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಪುಸ್ತಕವನ್ನು ಬೆಳಕಿಗೆ ಹಿಡಿದು, ಓದಲು ಬರುವವನಾದ್ದರಿಂದ ಎರಡು ಸಲ ಓದಿ, "ಸರಿ, ಮುತ್ತು ಮೇಸ್ತ್ರಿಗೆ ಹೇಳಿಕಳಿಸುವ," ಎಂದ. ಅವನು "ನೋಡುವ" ಎನ್ನದೇ ಹೋದದ್ದನ್ನು ಅವ್ವೆ ಗಮನಿಸಿ ನನ್ನ ಜಡೆ ಹಿಡಿದು ಮೆಲ್ಲಗೆ ಎಳೆದಳು.

ಮುತ್ತು ಮೇಸ್ತ್ರಿ ಎಮರಾಲ್ಡಿನವನು. ಅಣೆಕಟ್ಟಿನವರ ಕ್ವಾರ್ಟರ್ಸಿಗೆ ಗೋಡೆ ಕಟ್ಟಿ ಕೈ ಪಳಗಿದವನು. ಅರ್ಧ ತಮಿಳು, ಅರ್ಧ ನಮ್ಮ ಮಾತು ಸೇರಿಸಿ ಆಡುತ್ತಿದ್ದ. ಹಟ್ಟಿಯ ಗಂಡಸರು ದೊಡ್ಡಿಯ ಕೆಳಗಿನ ಅರ್ಧವನ್ನು ಬಿಚ್ಚಿ ಹೊರಗಿಟ್ಟರು, ಹೆಂಗಸರು ಸಾಲಾಗಿ ಹೊತ್ತು ತಂದರು. ಮೇಸ್ತ್ರಿ ಕಲ್ಲಿನ ರಾಶಿಯನ್ನು ನೋಡಿದ, ಬರೆಯನ್ನು ನೋಡಿದ, ಬೀಡಿ ಆರಿಸಿದ.

"ಅಮ್ಮಾ, ಈ ಲೆಕ್ಕ ಯಾರು ಹಾಕಿದ್ದು?"

"ಯಾಕೆ?" ಎಂದಳು ಅವ್ವೆ.

"ಕಣ್ಣಿಗೆ ಕಾಣೋ ಗೋಡೆಗೆ ಮಾತ್ರ ಕಲ್ಲು ಇದೆ. ಗೋಡೆಗೆ ಕಾಲು ಬೇಡ್ವಾ? ಕೆಳಗೆ ಎರಡಡಿ ಹೋಗಬೇಕು, ಅಲ್ಲಿ ಮೂರಡಿ ಅಗಲ ಬೇಕು. ಇಲ್ಲಾಂದ್ರೆ ಮೊದಲ ಮಳೆಗೇ ಗೋಡೆ ನಿಮ್ಮ ಅಡುಗೆಮನೆಗೆ ಬಂದು ಟೀ ಕೇಳುತ್ತೆ."

ಸುತ್ತ ನಿಂತವರು ನಕ್ಕರು. ನನ್ನ ಕಿವಿ ಸುಟ್ಟ ಹಾಗಾಯಿತು. ಯಾಕೆಂದರೆ ಅವ್ವೆ ಹೇಳಿದ್ದಳು. ಹಗ್ಗ ಹಿಡಿದು ನಾನು ಹೊರಟಾಗ, ರಾಗಿ ಬೀಸುತ್ತಿದ್ದವಳು ತಲೆಯೆತ್ತಿ, "ಮಣ್ಣಿನ ಕೆಳಗಿರೋದನ್ನೂ ಸೇರಿಸು ಅಮ್ಮಿ, ಮೇಸ್ತ್ರಿ ಮನೆಗೆ ಹೋಗಿ ಎಷ್ಟು ಅಂತ ಕೇಳಿಕೊಂಡು ಬಾ," ಎಂದಿದ್ದಳು. ನಾನು ಹೋಗಲಿಲ್ಲ. ಪಾಠದಲ್ಲಿ ಉದ್ದ, ಅಗಲ, ಎತ್ತರ ಬಿಟ್ಟು ನಾಲ್ಕನೆಯದು ಇರಲಿಲ್ಲ. ಪುಸ್ತಕಕ್ಕೆ ಗೊತ್ತಿಲ್ಲದ್ದು ಓದು ಬಾರದ ಅವ್ವೆಗೆ ಗೊತ್ತಿರಬಹುದೆಂದು ನನಗೆ ಹೊಳೆಯಲಿಲ್ಲ. ಇದನ್ನು ಮೂರು ದಿನಚರಿಗಳಲ್ಲೂ ಒಂದೇ ಥರ ಬರೆದಿದ್ದೇನೆ. ಆದ್ದರಿಂದ ಇಷ್ಟಾದರೂ ನಿಜವಿರಬೇಕು. ಅಥವಾ ಮೊದಲ ಸಲದ್ದನ್ನೇ ನೋಡಿ ಬರೆದೆನೋ ಏನೋ.

ಅವ್ವೆ ನನ್ನ ಕಡೆ ನೋಡಲೇ ಇಲ್ಲ.

"ಲೆಕ್ಕ ನಂದು, ಮೇಸ್ತ್ರಿ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನೆಲದಿಂದ ಮೇಲಕ್ಕೆ ಅಳೆ ಅಂತ ಕೂಸಿಗೆ ಹೇಳಿದವಳು ನಾನು. ಅವಳು ಅಳೆದದ್ದು ಸರಿಯಾಗೇ ಇದೆ. ನೀ ಅಗೆ."

"ಅರಸಿ ಲೆಕ್ಕ!" ಎಂದಳು ಹೆತ್ತೆ ಜಗಲಿಯಿಂದ. ಮತ್ತೆ ಎಲ್ಲರೂ ನಕ್ಕರು. ಅವ್ವೆಯೂ ನಕ್ಕಳು. ಅವಳು ಎಲ್ಲದಕ್ಕೂ ತಿರುಗಿ ಕೊಡುವವಳು, ಆ ದಿನ ಕೊಡಲಿಲ್ಲ. ಮಧ್ಯಾಹ್ನ ಒಲೆಯ ಹಿಂದೆ ನಾನು ಅಳುತ್ತಿದ್ದಾಗ ಬಂದು, ಮೂಗು ಒರೆಸಿ, ಬಾಯಿ ಮುಚ್ಚಿಕೊಂಡಿರು, ನಿನ್ನ ತಪ್ಪೆಂದು ಗೊತ್ತಾದರೆ ಹೆತ್ತೆ ನಾಳೆಯೇ ನಿನಗೆ ಬುಟ್ಟಿ ಕಟ್ಟುತ್ತಾಳೆ, ನನ್ನ ಲೆಕ್ಕ ತಪ್ಪಿದರೆ ಯಾರ ಶಾಲೆಯೂ ನಿಲ್ಲುವುದಿಲ್ಲ ಎಂದಳು. ಅಷ್ಟು ಹೇಳಿ ಮುದ್ದೆ ಕಟ್ಟಲು ಹೋದಳು.

ಪಾಯಕ್ಕೇ ರಾಶಿಯ ಅರ್ಧಕ್ಕಿಂತ ಹೆಚ್ಚು ಇಳಿದುಹೋಯಿತು. ಗೋಡೆ ಮೇಲೆ ಬಂತು, ಮತ್ತು ಒಂದು ದಿನ (ಸೊಂಟವೋ, ಹೆಗಲೋ, ಎದೆಯೋ) ಕಲ್ಲು ಮುಗಿಯಿತು. ಮೇಸ್ತ್ರಿಗೆ ಮುಂದಿನ ವಾರ ಬೇರೆ ಕಡೆ ಕೆಲಸ ಒಪ್ಪಿಗೆಯಾಗಿತ್ತು. ಪಡುವಣ ಕಡೆಯಿಂದ ಮೋಡ ಏರತೊಡಗಿತ್ತು. ದೊಡ್ಡಿಯ ಉಳಿದ ಅರ್ಧ ದಿಣ್ಣೆಯ ಮೇಲೆ ಎಲ್ಲರ ಕಣ್ಣಿಗೂ ಬೀಳುತ್ತಿತ್ತು.

"ನನ್ನ ಅವ್ವೆ ಇರೋವರೆಗೂ ಆ ಬಾಗಿಲು ಮುಟ್ಟಲ್ಲ," ಎಂದ ಅಪ್ಪ, ಹೆತ್ತೆಯನ್ನು ಕುರಿತು. "ಅರ್ಧ ಗೋಡೆಯೇ ಆಗಲಿ."

"ಅರ್ಧ ಗೋಡೆ ಅಂದ್ರೆ ಅರ್ಧ ಮನೆ," ಎಂದ ಮೇಸ್ತ್ರಿ. ಉಳಿದ ಅರ್ಧವನ್ನು ಕೇಳುವ ಹಕ್ಕನ್ನು ಅವ್ವೆ ನನ್ನ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಾಗಲೇ ಬಿಟ್ಟುಕೊಟ್ಟಿದ್ದಳು.

ಮರುದಿನ ಮಧ್ಯಾಹ್ನ, ಆಳುಗಳು ಅಂಗಳದಲ್ಲಿ ಉಣ್ಣುತ್ತಿದ್ದಾಗ, ಹೆತ್ತೆಯನ್ನು ಊಟಕ್ಕೆ ಕರೆಯಲು ನನ್ನನ್ನು ಕಳಿಸಿದರು. ಜಗಲಿಯಲ್ಲಿ ಅವಳಿರಲಿಲ್ಲ. ದಿಣ್ಣೆಯ ಮೇಲೆ, ದೊಡ್ಡಿಯ ಹೊರಗೆ, ಮಾದಿ ಮಾಮಿ ಬುಟ್ಟಿ ಹಿಡಿದು ಕಲ್ಲಿನಂತೆ ನಿಂತಿದ್ದಳು. ಹತ್ತಿರ ಹೋದೆ. ಹೆತ್ತೆ ಒಳಗಿದ್ದಳು. ಹೊದಿಕೆಯನ್ನು ಸೊಂಟಕ್ಕೆ ಬಿಗಿದು, ಮೇಸ್ತ್ರಿಯ ಹಾರೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲುಕಂಬದ ಬುಡದ ಮಣ್ಣನ್ನು ಒಳಗಿನ ಬದಿಯಿಂದ ಕೆದಕುತ್ತಿದ್ದಳು. ಉಸಿರು ಕೊಳವೆಯಂತೆ ಸದ್ದು ಮಾಡುತ್ತಿತ್ತು. ಒಂದು ಕಂಬ ಆಗಲೇ ವಾಲಿತ್ತು.

"ನಿಂತು ನೋಡ್ತೀಯೇನು? ಬಾ, ಹಾರೆ ಹಿಡಿ."

"ಒಳಗೆ ಬರಲಾ, ಹೆತ್ತೆ?"

"ಎಮ್ಮೆ ಇದ್ದಾಗ ಇದು ದೊಡ್ಡಿ. ಈಗ ಬರೀ ಕಲ್ಲು. ಬಾ."

ನಾನು ಹೋದೆ. ಒಳಗೆ ಹುಲ್ಲು ಹೊರಗಿನಂತೆಯೇ ಇತ್ತು. ಯಾಕೋ ಅದು ನನಗೆ ನಿರಾಸೆಯಾಯಿತು. ಇಬ್ಬರೂ ಸೇರಿ ಹಾರೆಯ ಮೇಲೆ ಭಾರ ಹಾಕಿದೆವು. ಕಂಬ ಉರುಳಿತು. ಹೆತ್ತೆ ಅದರ ಮೇಲೆಯೇ ಕೂತು, ಬೆವರು ಒರೆಸಿಕೊಂಡು, ಉಳಿದ ಗೋಡೆಯನ್ನು ಗಲ್ಲದಿಂದ ತೋರಿಸಿ, ಎಷ್ಟಾಗುತ್ತೆ ಎಣಿಸು ಎಂದಳು. ನನ್ನ ಎರಡನೆಯ ದಿನಚರಿಯಲ್ಲಿ ಮಾತ್ರ ಆ ವಾಕ್ಯ ಬೇರೆ ಇದೆ: "ಈ ಸಲ ಸರಿಯಾಗಿ ಎಣಿಸು." ಅವ್ವೆ ತೀರಿಕೊಂಡ ವರ್ಷ ಬರೆದದ್ದು ಅದು. ದುಃಖದಲ್ಲಿ ಆ ಮೂರು ಪದ ನಾನೇ ಸೇರಿಸಿದೆನೋ, ಅಥವಾ ದುಃಖ ಅವನ್ನು ಎಲ್ಲಿಂದಲೋ ಅಗೆದು ತಂದಿತೋ ನನಗೆ ತಿಳಿಯದು. ನಾನು ಎಣಿಸಿದೆ. ಎರಡು ಸಲ ಎಣಿಸಿ, ಪಾಯಕ್ಕೆ ಎಷ್ಟು ಇಳಿದಿತ್ತೆಂದು ಮೇಸ್ತ್ರಿಯನ್ನೂ ಕೇಳಿ ಬಂದು ಹೇಳಿದೆ. ಈ ಸಲ ಸಾಕಾಯಿತು. ಒಂದಷ್ಟು ಕಲ್ಲು ಮಿಕ್ಕಿದವು. ಅವನ್ನೇ ಮೆಟ್ಟಿಲು ಮಾಡಿದರು.

ಬಾಗಿಲಿನ ಕಂಬಗಳನ್ನು ಒಡೆಯಲು ಮೇಸ್ತ್ರಿಗೆ ಮನಸ್ಸಾಗಲಿಲ್ಲ. ಅಡ್ಡ ಮಲಗಿಸಿ ಗೋಡೆಯ ನಡುವೆ ಕೂರಿಸಿದ. ಅಡ್ಡಗೋಲಿನ ತೂತುಗಳ ಹಿಂದೆ ಜಲ್ಲಿ ತುಂಬಿ, ಗುಡ್ಡದ ನೀರು ಹೊರಗೆ ಬರಲು ಅವನ್ನೇ ದಾರಿ ಮಾಡಿದ. ಕೊನೆಯ ದಿನ ಹೆತ್ತೆ ತಾನೇ ಕೂತು ತುಪ್ಪದಿಟ್ಟು ಕರಿದಳು. ಜೂನಿನ ಮಳೆ ಮೂರು ದಿನ ಬಿಡದೆ ಹೊಡೆದ ಮೇಲೆ ಆ ತೂತುಗಳಿಂದ ನೀರು ಸುರಿಯತೊಡಗಿತು. ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ. ಅಡುಗೆಮನೆಯಲ್ಲಿ ಕೂತರೆ ಹಾಲು ಕರೆಯುವ ಸದ್ದಿನ ಹಾಗೆ ಕೇಳುತ್ತದೆ ಎಂದು ಹೆತ್ತೆ ಹೇಳುತ್ತಿದ್ದಳು. ಒಲೆಯ ಹಿಂದಿನ ಗೋಡೆ ಒಣಗಿತು. ಅದೇ ತಿಂಗಳು ಅಪ್ಪ ನನ್ನನ್ನು ಎಲೆ ಲಾರಿಯಲ್ಲಿ ಮುಂದೆ ಕೂರಿಸಿಕೊಂಡು ಹೋಗಿ ಊಟಿಯ ಶಾಲೆಗೆ ಸೇರಿಸಿದ. ಹೆತ್ತೆ ಬೇಡ ಎನ್ನಲಿಲ್ಲ. "ಲೆಕ್ಕದ ಅರಸಿ" ಎಂಬ ಮಾತನ್ನೂ ಆಮೇಲೆ ಅವಳ ಬಾಯಲ್ಲಿ ನಾನು ಕೇಳಿಲ್ಲ. ಬೇರೆ ಕಾರಣಗಳಿಗೆ ಇಬ್ಬರೂ ಜಗಳವಾಡುತ್ತಲೇ ಇದ್ದರು.

ಎಸ್ಟಿಮೇಟು ಕೊಟ್ಟ ದಿನವೇ ಭಾಗ್ಯ ಆ ಗೋಡೆಗೆ ತೂಗುಗುಂಡು ಇಳಿಬಿಟ್ಟು ನೋಡಿ, ಒಂದಿಂಚೂ ಉಬ್ಬಿಲ್ಲ ಮಾಮಿ, ಇದನ್ನು ಮುಟ್ಟುವುದು ಬೇಡ ಎಂದಳು. ಕಂಬದ ತೂತಿಗೆ ಕೈಹಾಕಿ, ಇಷ್ಟು ಚೆನ್ನಾಗಿ ಯೋಚಿಸಿದವರು ಯಾರು ಎಂದು ಕೇಳಿದಳು. ನಿನ್ನ ಅಜ್ಜಿ, ಅವಳ ಅತ್ತೆ, ಒಬ್ಬ ಮೇಸ್ತ್ರಿ ಎಂದೆ. ಮತ್ತೆ ನೀವು ಎಂದಳು. ಅವಳ ಹಾಳೆಗಳ ಮೊದಲ ಸಾಲನ್ನು ತೋರಿಸಿ, ನಾನು ಇದನ್ನು ಬಿಟ್ಟಿದ್ದೆ ಎಂದು ಮೊದಲ ಬಾರಿಗೆ ಇನ್ನೊಬ್ಬರ ಎದುರು ಬಾಯಿಬಿಟ್ಟು ಹೇಳಿದೆ. ಅವಳು ನಕ್ಕು, ಅದನ್ನು ಎಲ್ಲರೂ ಒಂದು ಸಲ ಬಿಡುತ್ತಾರೆ ಎಂದಳು.

ಆ ಮಧ್ಯಾಹ್ನ ದೊಡ್ಡಿಯ ಹತ್ತಿರ ಇದ್ದವರಲ್ಲಿ ನನ್ನನ್ನು ಬಿಟ್ಟರೆ ಈಗ ಉಳಿದಿರುವುದು ಮಾದಿ ಮಾಮಿ ಒಬ್ಬಳೇ. ನಾನು ಹೋಗುವ ಮೊದಲು ಹೆತ್ತೆಯ ಜೊತೆ ಅಲ್ಲಿ ನಿಂತಿದ್ದವಳು ಅವಳು. ಅವ್ವೆ ಒಲೆಯ ಹಿಂದೆ ನನಗೆ ಹೇಳಿದ್ದು ಪಕ್ಕದ ಕೋಣೆಯಲ್ಲಿದ್ದ ಅವಳಿಗೆ ಕೇಳಿರಲೂಬಹುದು. ಭಾಗ್ಯಳಿಗೆ ಹೇಳಿದ ಮೇಲೆ, ಹೋದ ತಿಂಗಳು, ಅವಳ ಮನೆಯ ಜಗಲಿಯಲ್ಲಿ ಇಬ್ಬರೂ ಅವರೆ ಬಿಡಿಸುತ್ತ ಕೂತಿದ್ದಾಗ ಕೇಳಿದೆ. ಅವಳು ನನ್ನ ಮುಖವನ್ನು ಚೆನ್ನಾಗಿ ನೋಡಿದಳು. ತುದಿ ಮುರಿದ ಒಂದು ಕಾಯನ್ನು ಬಿಡಿಸಿ, ಕಾಳನ್ನು ನನ್ನ ಮೊರಕ್ಕೆ ಹಾಕಿದಳು. ಆಮೇಲೆ ಎರಡು ಸಲ ಹೋಗಿ ಬಂದಿದ್ದೇನೆ, ಉಂಡು ಬಂದಿದ್ದೇನೆ, ಹೊಸ ಗೋಡೆಯ ಸುದ್ದಿಯೆಲ್ಲ ಹೇಳಿ ಬಂದಿದ್ದೇನೆ. ಅವಳು ಇನ್ನೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

"ಮಾಮಿ, ಹಾರೆ ಎತ್ತೋಕೆ ಮುಂಚೆ, ಆ ಲೆಕ್ಕ ತಪ್ಪಿದ್ದು ಅವ್ವೆ ಅಲ್ಲ, ನಾನು ಅಂತ ಹೆತ್ತೆಗೆ ಗೊತ್ತಿತ್ತಾ?"